ಐದು ಅಂಕದ ಪ್ರಶ್ನೆ

ಜುಲೈ 4

ನನ್ನ ಟೀಚರಮ್ಮನಿಗೆ,

ನೀನೂ ಅಮ್ಮನೂ ಆಸ್ಪತ್ರೆಗೆ ಅಂತ ಬಸ್ಸು ಹತ್ತಿ ಇವತ್ತಿಗೆ ಎಂಟು ದಿನ. ಮನೆ ಬಿಕೋ ಅನ್ನುತ್ತಿದೆ. ತಪ್ಪು ತಿದ್ದುವವರಿಲ್ಲದೆ ನಾನು ಬಾಯಿಗೆ ಬಂದಂತೆ ಮಾತಾಡಿಕೊಂಡಿದ್ದೇನೆ.

ಶನಿವಾರ ನಿನ್ನ ಬಯಾಲಜಿ ಮೇಡಂ ಹತ್ತಿರ ಹೋಗಿದ್ದೆ. ಕುರಿ ಕಡಿಯುವ ಶೆಡ್ಡಿನಿಂದ ಕೆಲಸದ ಬಟ್ಟೆಯಲ್ಲೇ ಹೋದೆ ನೋಡು, ಶಾಲೆಯ ಗೇಟಿನವನು ಮೂಗು ಮುಚ್ಚಿಕೊಂಡ. ಮೇಡಂ ಮಾತ್ರ ಕುರ್ಚಿ ಕೊಟ್ಟರು. ಇನ್ನು ಮೇಲೆ ವಾರವಾರ ಹೋಂವರ್ಕಿನ ಪ್ರಶ್ನೆಗಳನ್ನು ನಾನು ಬೋರ್ಡು ನೋಡಿ ಬರೆದುಕೊಂಡು ನಿನಗೆ ಕಳಿಸುವುದು, ನೀನು ಉತ್ತರ ಬರೆದು ನನಗೆ ಕಳಿಸುವುದು, ನಾನು ಅವರಿಗೆ ಮುಟ್ಟಿಸುವುದು ಅಂತ ತೀರ್ಮಾನವಾಗಿದೆ. ಶೆಡ್ಡಿನ ಫೋನಿನಲ್ಲಿ ಹೇಳಿದರೆ ಆಗಲ್ವಾ ಮೇಡಂ ಅಂದೆ. "ಪರೀಕ್ಷೆ ಫೋನಲ್ಲಿ ಬರೆಯೋಕಾಗಲ್ಲವಲ್ಲ, ಬರೆಯೋ ಅಭ್ಯಾಸ ತಪ್ಪಬಾರದು" ಅಂದರು. ಮಾರ್ಚಿಗೆ ಪರೀಕ್ಷೆ. ಅಷ್ಟರೊಳಗೆ ನೀನು ವಾಸಿಯಾಗಿ ಬಂದು ಕೂತು ಬರೆಯುತ್ತೀಯ, ಅದರಲ್ಲಿ ಎರಡು ಮಾತಿಲ್ಲ.

ಈ ವಾರದ ಪ್ರಶ್ನೆಗಳು:

1. ಮಾನವನ ದೇಹದಲ್ಲಿ ಅತ್ಯಂತ ದೊಡ್ಡ ಗ್ರಂತಿ ಯಾವುದು?
2. ಪಿತ್ತರಸ ಎಲ್ಲಿ ತಯಾರಾಗುತ್ತದೆ? ಅದರ ಕೆಲಸವೇನು?
3. ಪಿತ್ತಜನಕಾಂಗದ ನಾಲ್ಕು ಕೆಲಸಗಳನ್ನು ಬರೆಯಿರಿ.

ಪಿತ್ತಜನಕಾಂಗ ಅಂದರೆ ಏನು ಮೇಡಂ ಅಂತ ಕೇಳಿದೆ. ಈಲಿ ಅಂದರು. ದಿನಕ್ಕೆ ನೂರು ಈಲಿ ಈ ಕೈಯಲ್ಲಿ ಹಾದುಹೋಗುತ್ತವೆ, ಅದಕ್ಕೆ ಇಷ್ಟುದ್ದ ಹೆಸರಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ನಮ್ಮ ದೊರೆ ದಿನಾ ನಿನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗುತ್ತಾನೆ. ನಾಯಿಗೆ ದೊರೆ ಅಂತ ಹೆಸರಿಟ್ಟವಳು ನೀನು, ಈಗ ಅವನ ದೌಲತ್ತು ಸಹಿಸುವವನು ನಾನು.

ನಿನ್ನ ಅಪ್ಪ


ಜುಲೈ 12

ಅಪ್ಪಾ,

ಮೊದಲು ತಪ್ಪು, ಆಮೇಲೆ ಕ್ಷೇಮ. ಅದು ಗ್ರಂತಿ ಅಲ್ಲ, ಗ್ರಂಥಿ. ಏಳನೇ ಕ್ಲಾಸಿಗೆ ಪುಸ್ತಕ ಬಿಟ್ಟವನು ಅಂತ ಈ ಸಲ ಮಾಫಿ.

ಉತ್ತರಗಳು ಬೇರೆ ಹಾಳೆಯಲ್ಲಿವೆ. ಮಡಚದೆ ಮೇಡಂಗೆ ಕೊಡು.

ನಮ್ಮ ವಾರ್ಡಿನಲ್ಲಿ ಹನ್ನೆರಡು ಮಂಚ. ನನ್ನದು ಕಿಟಕಿ ಪಕ್ಕ. ಅಲ್ಲಿಂದ ಕಾಣುವುದು ಹಿಂದಿನ ಕಟ್ಟಡದ ಬೆನ್ನು ಮತ್ತು ಸಾಲಾಗಿ ಒಣಗಿಸಿದ ಬಿಳಿ ಹೊದಿಕೆಗಳು. ಅಮ್ಮ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಾಳೆ. ನಿನ್ನ ಕಾಗದವನ್ನು ನಾನೇ ಅವಳಿಗೆ ಓದಿ ಹೇಳುತ್ತೇನೆ. ದೌಲತ್ತಿನ ಮಾತಿಗೆ ಬಹಳ ದಿನದ ಮೇಲೆ ನಕ್ಕಳು.

ದಪ್ಪ ಕನ್ನಡಕದ ಡಾಕ್ಟರು ಇನ್ನೊಂದು ಸಲ ಸ್ಕ್ಯಾನ್ ಮಾಡಿಸಿದರು. ಈಲಿಯಲ್ಲಿರುವ ನೀರುಗಂಟು ದೊಡ್ಡ ಕಿತ್ತಳೆಹಣ್ಣಿನಷ್ಟಿದೆಯಂತೆ. ಇವತ್ತು ನಿನ್ನೆಯದಲ್ಲ, ಏಳೆಂಟು ವರ್ಷದಿಂದ ಮೆಲ್ಲಗೆ ಬೆಳೆದದ್ದಂತೆ. ಮೊದಲು ಮೂರು ನಾಲ್ಕು ತಿಂಗಳು ಮಾತ್ರೆ, ಆಮೇಲೆ ಆಪರೇಷನ್. ಅಲ್ಲಿಯವರೆಗೆ ಓಡಬಾರದು, ಬೀಳಬಾರದು, ಹೊಟ್ಟೆಗೆ ಪೆಟ್ಟು ತಾಗಬಾರದು. ಒಳಗೇ ಒಡೆದರೆ ಜೀವಕ್ಕೆ ಅಪಾಯ ಅಂದರು. ನನ್ನ ಎದುರಿಗೇ ಹೇಳಿದರು, ಅದು ನನಗೆ ಇಷ್ಟವಾಯಿತು.

ಮನೆಯಲ್ಲಿ ನಾಯಿ ಇದೆಯಾ ಅಂತಲೂ ಕೇಳಿದರು. ಇದೆ, ಆದರೆ ಯಾರಿಗೂ ಕಚ್ಚಲ್ಲ ಅಂದೆ. ಅವರು ನಗದೆ ಬರೆದುಕೊಂಡರು.

ಪುಸ್ತಕದ ಚಿತ್ರದಲ್ಲಿ ಈಲಿ ಚಪ್ಪಟೆಯಾಗಿದೆ. ನಿಜವಾಗಿ ಕೈಗೆ ಹೇಗಿರುತ್ತದೆ? ಬರಿ.

ನಿನ್ನ ಟೀಚರಮ್ಮ


ಜುಲೈ 20

ಟೀಚರಮ್ಮ,

ಮೇಡಂ ಹತ್ತಕ್ಕೆ ಹತ್ತು ಹಾಕಿದರು. ಹಾಳೆಯನ್ನು ಶೆಡ್ಡಿನಲ್ಲಿ ಎಲ್ಲರಿಗೂ ತೋರಿಸಿದೆ. ಮೂಲೆಗೆ ಸ್ವಲ್ಪ ರಕ್ತ ಹತ್ತಿದೆ, ಕುರಿಯದು, ಗಾಬರಿಯಾಗಬೇಡ.

ಈಲಿಯ ಬಗ್ಗೆ ನನಗಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು, ಬರೆದುಕೋ. ಹೊಟ್ಟೆ ಸೀಳಿದ ಕೂಡಲೇ ಅದು ಬಿಸಿಬಿಸಿಯಾಗಿರುತ್ತದೆ, ಚಳಿಗಾಲದಲ್ಲಿ ನಾವು ಅದರಲ್ಲೇ ಕೈ ಕಾಯಿಸಿಕೊಳ್ಳುತ್ತೇವೆ. ಒಳ್ಳೆಯದು ನುಣ್ಣಗೆ ಭಾರವಾಗಿರುತ್ತದೆ, ಅಂಚು ತೆಳ್ಳಗೆ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಉಳಿಯಬಾರದು. ಪಿತ್ತದ ಚೀಲವನ್ನು ಉಗುರು ತಾಗದಂತೆ ಬಿಡಿಸಬೇಕು, ಒಡೆದರೆ ಈಲಿಯೆಲ್ಲ ಕಹಿ. ಹದಿನೇಳು ವರ್ಷದಲ್ಲಿ ನಾನು ಒಡೆದದ್ದು ಎರಡೇ ಎರಡು. ಅದರಲ್ಲಿ ಒಂದು ನೀನು ಹುಟ್ಟಿದ ದಿನ.

ನಿನಗೆ ನೀರುಗಂಟು ಅಂದಾಗ ಅಮ್ಮ ಅತ್ತಳು, ನಾನು ಅಳಲಿಲ್ಲ. ಯಾಕೆ ಗೊತ್ತಾ? ಅದು ನನಗೆ ಹಳೇ ಪರಿಚಯ. ಶೆಡ್ಡಿನಲ್ಲಿ ನೀರುಗುಳ್ಳೆ ಅನ್ನುತ್ತೇವೆ. ಹತ್ತು ಕುರಿಯಲ್ಲಿ ಒಂದಕ್ಕೋ ಎರಡಕ್ಕೋ ಈಲಿಯ ಮೇಲೆ ಬೆಳ್ಳಗೆ ಗೋಲಿಯಷ್ಟು, ನಿಂಬೆಹಣ್ಣಿನಷ್ಟು ಇದ್ದೇ ಇರುತ್ತದೆ. ಅಂಥ ಕುರಿಗಳೂ ಕೊನೆಯ ನಿಮಿಷದವರೆಗೆ ಗುದ್ದಾಡಿಕೊಂಡೇ ಇರುತ್ತವೆ. ಅದಕ್ಕೇ ಹೇಳುತ್ತೇನೆ, ಧೈರ್ಯವಾಗಿರು.

ಆ ಥರದ ಈಲಿಯನ್ನು ಪಶುವೈದ್ಯರು ಕೆಂಪು ಬಕೆಟ್ಟಿಗೆ ಹಾಕಿಸುತ್ತಾರೆ. ಕೆಂಪು ಬಕೆಟ್ಟಿನದು ಸುಣ್ಣದ ಗುಂಡಿಗೆ ಹೋಗಬೇಕು ಅಂತ ನಿಯಮ. ಒಂದು ಗುಟ್ಟು ಹೇಳುತ್ತೇನೆ, ಅಮ್ಮನಿಗೆ ಓದಬೇಡ. ದೊರೆಗೆ ನಾನು ತರುವುದು ಮಾರಾಟದ ಒಳ್ಳೆ ಚೂರು ಅಂತ ಅವಳು ನಂಬಿದ್ದಾಳೆ. ಅದೆಲ್ಲ ಕೆಂಪು ಬಕೆಟ್ಟಿನದು! ಸುಣ್ಣ ಸುರಿದು ಮುಚ್ಚುವ ಬದಲು ಒಂದು ಮೂಕ ಪ್ರಾಣಿಯ ಹೊಟ್ಟೆ ತುಂಬಿದರೆ ತಪ್ಪೇನು? ಅವನು ಅಂಗೈಯಗಲದ ಮರಿಯಾಗಿದ್ದಾಗಿನಿಂದ, ಅಂದರೆ ನಿನಗೆ ಆರು ವರ್ಷ ಇದ್ದಾಗಿನಿಂದ ಹಾಕುತ್ತಿದ್ದೇನೆ. ನೋಡು, ಮೈ ಹೇಗೆ ಮಿರಮಿರ ಮಿಂಚುತ್ತದೆ.

ಈ ವಾರದ್ದು ಒಂಬತ್ತನೇ ಪಾಠ. ಬೋರ್ಡಿನಲ್ಲಿದ್ದದ್ದನ್ನು ಅಕ್ಷರ ಬಿಡದೆ ಬರೆದಿದ್ದೇನೆ, ಅರ್ಥ ಕೇಳಬೇಡ.

1. ಪರಾವಲಂಬಿ ಜೀವಿ ಎಂದರೇನು?
2. ಆತಿಥೇಯ ಜೀವಿ ಎಂದರೇನು?
3. ನಾಯಿಯ ಲಾಡಿಹುಳುವಿನ ಜೀವನಚಕ್ರವನ್ನು ಬಾಣದ ಗುರುತುಗಳಿರುವ ಚಿತ್ರದೊಂದಿಗೆ ವಿವರಿಸಿ. (5 ಅಂಕ)

ಐದು ಅಂಕದ್ದು ಬಿಡಬೇಡ. ಮೇಡಂ ಹೇಳಿದರು, ಪರೀಕ್ಷೆಗೆ ಬಂದೇ ಬರುತ್ತದಂತೆ.

ನಿನ್ನ ಅಪ್ಪ


ಆಗಸ್ಟ್ 9

ಅಪ್ಪಾ,

ಉತ್ತರ ತಡವಾಯಿತು. ನನ್ನ ಹತ್ತಿರ ಇರುವ ಪುಸ್ತಕ ಹಳೆಯದು, ಅದರಲ್ಲಿ ಹಂದಿಯ ಲಾಡಿಹುಳು ಮಾತ್ರ ಇದೆ, ನಾಯಿಯದಿಲ್ಲ. ಅದಕ್ಕೆ ಕನ್ನಡಕದ ಡಾಕ್ಟರನ್ನೇ ಕೇಳಿದೆ. ಅವರು ಪ್ರಶ್ನೆ ಓದಿದರು, ನನ್ನ ಮುಖ ನೋಡಿದರು. ಆಮೇಲೆ ಮಂಚದ ತುದಿಯಲ್ಲಿ ಕೂತು ಎಕ್ಸ್‌ರೇ ಲಕೋಟೆಯ ಹಿಂದೆ ಚಿತ್ರ ಬರೆದು ಎಲ್ಲ ಹೇಳಿದರು. ಕೊನೆಗೆ "ನಿನ್ನ ಹೊಟ್ಟೆಯಲ್ಲಿರೋದೂ ಇದೇ ಕಣಮ್ಮ" ಅಂದರು.

ನಾಯಿಯ ಕರುಳಿನಲ್ಲಿ ಅಕ್ಕಿಕಾಳಿನಷ್ಟು ಹುಳು ಇರುತ್ತದೆ. ನಾಯಿಗೆ ಏನೂ ಆಗುವುದಿಲ್ಲ, ಚೆನ್ನಾಗಿಯೇ ಇರುತ್ತದೆ. ಅದರ ಮಲದಲ್ಲಿ ಹುಳುವಿನ ಮೊಟ್ಟೆ ಹೊರಗೆ ಬಂದು ಹುಲ್ಲಿಗೆ, ಮಣ್ಣಿಗೆ, ನಾಯಿಯ ಕೂದಲಿಗೆ ಹತ್ತುತ್ತದೆ. ಹುಲ್ಲು ಮೇದ ಕುರಿಯ ಈಲಿಯಲ್ಲಿ ಅದು ನೀರುಗುಳ್ಳೆಯಾಗುತ್ತದೆ. ನಾಯಿಯನ್ನು ಅಪ್ಪಿಕೊಂಡು ಕೈ ತೊಳೆಯದೆ ತಿನ್ನುವ ಮಕ್ಕಳ ಹೊಟ್ಟೆಗೂ ಹೋಗುತ್ತದೆ. ಹಾಳೆಯಲ್ಲಿ ಕುರಿ, ನಾಯಿ, ಹುಲ್ಲು, ಹುಡುಗಿ ನಾಲ್ಕನ್ನೂ ಬರೆದಿದ್ದೇನೆ. ಹುಡುಗಿಗೆ ಎರಡು ಜಡೆ.

ಡಾಕ್ಟರು ಅಮ್ಮನನ್ನು ಕೇಳಿದರು, "ನಾಯಿಗೆ ಹಸಿ ಈಲಿ ಹಾಕ್ತಿದ್ರಾ?" ಅಂತ. ಅಮ್ಮ ಅಂದಳು, "ಹಾಕ್ತೀವಿ ಸಾರ್, ಆದರೆ ಒಳ್ಳೇದನ್ನೇ. ನಮ್ಮನೆಯವರು ಕೆಟ್ಟದ್ದು ಮನೆಗೆ ತರೋರಲ್ಲ." ನಾನು ನೀರು ಕುಡಿಯುತ್ತಿದ್ದೆ. ಲೋಟ ಖಾಲಿಯಾದ ಮೇಲೂ ಕುಡಿಯುತ್ತಿದ್ದೆ.

ನಿನ್ನ ಹಿಂದಿನ ಕಾಗದದ ಮೇಲೆ ನೀರು ಚೆಲ್ಲಿ ಹಾಳಾಯಿತು, ಎಸೆದುಬಿಟ್ಟೆ. ಈಲಿಯ ವಿಷಯ ಇನ್ನು ಬರೆಯಬೇಡ, ನನಗೆ ಅರ್ಥವಾಗಿದೆ. ದೊರೆ ಬೀದಿ ಸುತ್ತುವವನು, ಎಲ್ಲಿ ಏನು ತಿಂದನೋ ಯಾರಿಗೆ ಗೊತ್ತು. ಅವನನ್ನು ಬೈಯಬೇಡ. ಇನ್ನು ಮೇಲೆ ಬೇಯಿಸಿದ್ದನ್ನೇ ಹಾಕು. ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆ.

ಟೀಚರಮ್ಮ


ಆಗಸ್ಟ್ 30

ಅಪ್ಪಾ,

ಮೂರು ವಾರವಾಯಿತು, ನಿನ್ನ ಕಾಗದ ಇಲ್ಲ, ಪ್ರಶ್ನೆಯೂ ಇಲ್ಲ. ಅಂಚೆಯವನು ಬಂದಾಗೆಲ್ಲ ಅಮ್ಮ ಬಾಗಿಲಿಗೆ ಹೋಗಿ ಬರುತ್ತಾಳೆ. ಹುಷಾರಾಗಿದ್ದೀಯ ತಾನೆ? ಅಭ್ಯಾಸಕ್ಕೆ ಏನೂ ಇಲ್ಲದೆ ಹಳೇ ಪ್ರಶ್ನೆಗಳಿಗೇ ಮತ್ತೆ ಉತ್ತರ ಬರೆಯುತ್ತಿದ್ದೇನೆ. ಮಾತ್ರೆಗೆ ಕೂದಲು ಉದುರುತ್ತಿದೆ. ಈಗ ಒಂದೇ ಜಡೆ.

ಬೇಗ ಬರಿ.

ಟೀಚರಮ್ಮ


ಸೆಪ್ಟೆಂಬರ್ 7

ಮಗಳೇ,

ನಾನು ಹುಷಾರಾಗಿದ್ದೇನೆ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ.

ನಿನ್ನ ಹಾಳೆಯನ್ನು ಮೇಡಂಗೆ ಕೊಟ್ಟೆ. ಎದುರಿಗೇ ತಿದ್ದಿದರು. "ಚೆನ್ನಾಗಿ ಬರೆದಿದ್ದಾಳೆ. ಒಂದು ಅಂಕ ಮಾತ್ರ ಕಳೀಬೇಕು, ಒಂದು ಬಾಣ ಬಿಟ್ಟುಬಿಟ್ಟಿದ್ದಾಳೆ" ಅಂದರು. ಯಾವುದು ಮೇಡಂ ಅಂದೆ. ಕೆಂಪು ಪೆನ್ನಿನಲ್ಲಿ ತೋರಿಸಿದರು. "ಕುರಿಯಿಂದ ನಾಯಿಗೆ ಹುಳು ಹೇಗೆ ಬರುತ್ತೆ? ಗುಳ್ಳೆ ಇರೋ ಈಲಿನ ನಾಯಿ ಹಸಿಯಾಗಿ ತಿಂದಾಗ. ನೀವು ಶೆಡ್ಡಿನಲ್ಲೇ ಇರೋರು, ನಿಮಗೆ ಗೊತ್ತಿರುತ್ತಲ್ಲ, ಹೇಳಿಕೊಡಿ ಅವಳಿಗೆ" ಅಂದರು. ಹೇಳಿಕೊಡ್ತೀನಿ ಮೇಡಂ ಅಂದೆ.

ಈಲಿಯ ಮೇಜು ಬಿಟ್ಟೆ. ಕೇಳಿಕೊಂಡು ಸುಣ್ಣದ ಗುಂಡಿಯ ಕೆಲಸಕ್ಕೆ ಹಾಕಿಸಿಕೊಂಡಿದ್ದೇನೆ. ದೊರೆಯನ್ನು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಹುಳುವಿನ ಮಾತ್ರೆ ನುಂಗಿಸಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹಾಕಿದ್ದನ್ನು ತಿಂದ, ಅವನದೇನು ತಪ್ಪು?

ಮೇಡಂ ಪುನರಾವರ್ತನೆಗೆ ಅಂತ ಅದೇ ಐದು ಅಂಕದ ಪ್ರಶ್ನೆಯನ್ನು ಮತ್ತೆ ಕೊಟ್ಟಿದ್ದಾರೆ. ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಜೊತೆಗೆ ಒಂದು ಅಂಕದ್ದೂ ಇದೆ: ಈ ಹುಳುವಿಗೆ ಮನುಷ್ಯನು ಕೊನೆಯ ನಿಲ್ದಾಣ ಎನ್ನುವುದು ಏಕೆ?

ಈ ಸಲ ಬಾಣ ಬಿಡಬೇಡ ಮಗಳೇ. ನಿನಗೆ ಗೊತ್ತಿರುವುದನ್ನು ಗೊತ್ತಿಲ್ಲ ಅಂತ ಬರೆಯಬೇಡ. ಪೂರ್ತಿ ಐದು ತಗೋ.

ಅಪ್ಪ


ಅಕ್ಟೋಬರ್ 3

ಅಪ್ಪಾ,

ಆಪರೇಷನ್‌ಗೆ ದಿನ ಗೊತ್ತಾಯಿತು, ನವೆಂಬರ್ 14. ಗಂಟು ಸ್ವಲ್ಪವೂ ಕುಗ್ಗಿಲ್ಲ, ತೆಗೆಯಲೇಬೇಕು ಅಂದರು. ನನಗೆ ಹೆದರಿಕೆ ಇದೆ. ಅಮ್ಮನ ಎದುರಿಗೆ ಇಲ್ಲ ಅನ್ನುತ್ತೇನೆ, ಆದ್ದರಿಂದ ನಿನಗೆ ಬರೆಯುತ್ತಿದ್ದೇನೆ.

ಒಂದು ಅಂಕದ ಉತ್ತರ: ಮನುಷ್ಯನನ್ನು ಯಾವ ನಾಯಿಯೂ ತಿನ್ನುವುದಿಲ್ಲ, ಆದ್ದರಿಂದ ಹುಳು ಅಲ್ಲಿಂದ ಮುಂದೆ ಹೋಗಲಾರದು. ಯೋಚಿಸಿದರೆ ಪಾಪ ಅನ್ನಿಸುತ್ತದೆ. ಅದು ಬರಬೇಕಾದ ಜಾಗ ನಾನಲ್ಲ. ದಾರಿ ತಪ್ಪಿ ಬಂದು ನನ್ನೊಳಗೆ ಏಳೆಂಟು ವರ್ಷದಿಂದ ನಾಯಿಗೆ ಕಾಯುತ್ತಾ ಕೂತಿದೆ.

ಐದು ಅಂಕದ್ದನ್ನು ಇನ್ನೂ ಬರೆಯುತ್ತಿದ್ದೇನೆ. ಬಾಣದ ಮಾತಿಗೆ ಬಂದರೆ, ಅದು ನನ್ನ ಹಾಳೆ, ನನ್ನ ಅಂಕ. ನೀನು ಮಧ್ಯೆ ಬಾಯಿ ಹಾಕಬೇಡ. ಮಾರ್ಚಿನಲ್ಲಿ ಪರೀಕ್ಷೆ ತಿದ್ದುವವರು ಯಾರೋ ಪರಊರಿನವರು, ಅವರಿಗೆ ನೀನು ಯಾರೆಂದು ಗೊತ್ತಿರುವುದಿಲ್ಲ. ಅವತ್ತು ಬೇಕಾದರೆ ಹಾಕುತ್ತೇನೆ.

ನೀನು ಎರಡು ದಿನ ಮುಂಚೆಯೇ ಬಾ. ಪ್ರಶ್ನೆ ಕೇಳುವವರು ಇಲ್ಲದೆ ಅಭ್ಯಾಸ ಸಪ್ಪೆ. ಸ್ನಾನ ಮಾಡಿ, ಗಡ್ಡ ತೆಗೆದುಕೊಂಡು ಬಾ, ಇಲ್ಲದಿದ್ದರೆ ಗೇಟಿನವರು ಇಲ್ಲೂ ಮೂಗು ಮುಚ್ಚಿಕೊಳ್ಳುತ್ತಾರೆ.

ನಿನ್ನ ಟೀಚರಮ್ಮ


ನವೆಂಬರ್ 6

ಮಗಳೇ,

ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ನಾನು ಬರುವಷ್ಟರಲ್ಲಿ ಈ ಕಾಗದ ನಿನ್ನ ಕೈ ಸೇರಿರಲಿ ಅಂತ ಇವತ್ತೇ ಹಾಕುತ್ತಿದ್ದೇನೆ. ಇದನ್ನು ಅಮ್ಮನಿಗೂ ಓದಿ ಹೇಳು. ಯಾವ ಸಾಲನ್ನೂ ಹಾರಿಸಬೇಡ.

ನಾನೇ ಹಾಕಿದ್ದು. ವಾರಕ್ಕೆ ಮೂರು ದಿನ, ಒಂಬತ್ತು ವರ್ಷ. ಕೆಂಪು ಬಕೆಟ್ಟಿನಿಂದ ತೆಗೆದು, ಹಳೇ ಪೇಪರಿನಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿ ತಂದು ಹಿತ್ತಿಲಲ್ಲಿ ಹಾಕಿದೆ. ದೊರೆ ತಿಂದು ಬಂದು ನಿನ್ನ ತೊಡೆಯ ಮೇಲೆ ಮಲಗುತ್ತಿದ್ದ. ನೀನು ಅವನ ಮೈ ಸವರಿ ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದೆ. ನಾನು ಬಾಗಿಲಲ್ಲಿ ಕೂತು ನೋಡುತ್ತಾ ಖುಷಿಪಡುತ್ತಿದ್ದೆ. ಅದನ್ನು ಗುಂಡಿಗೆ ಯಾಕೆ ಹಾಕಬೇಕು ಅಂತ ನನಗೆ ಯಾರೂ ಹೇಳಲಿಲ್ಲ, ಆದರೆ ನಾನೂ ಒಂದು ದಿನವಾದರೂ ಕೇಳಲಿಲ್ಲ. ಹಾಕು ಅಂದಿದ್ದರು. ಹಾಕಿದ್ದರೆ ಸಾಕಿತ್ತು.

ನನ್ನ ಕಾಗದದ ಮೇಲೆ ನೀರು ಚೆಲ್ಲಿತ್ತು ಅಂತ ನೀನು ಬರೆದಿದ್ದೆ. ನೀರು ಚೆಲ್ಲಿರಲಿಲ್ಲ, ಯಾರೂ ಓದದಿರಲಿ ಅಂತ ನೀನೇ ಎಸೆದೆ, ನನಗೆ ಗೊತ್ತು. ನೀನು ನನ್ನನ್ನು ಕಾಪಾಡುತ್ತಿದ್ದೀಯ. ಹದಿನೈದು ವರ್ಷದ ಮಗು ಅಪ್ಪನನ್ನು ಕಾಪಾಡಬಾರದು, ಅದು ನನಗೆ ಗುಂಡಿಯ ಸುಣ್ಣಕ್ಕಿಂತ ಜೋರಾಗಿ ಸುಡುತ್ತದೆ.

ಹನ್ನೆರಡನೇ ತಾರೀಕು ಬೆಳಿಗ್ಗೆ ಬರುತ್ತೇನೆ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಗೋಡೆ ಕಡೆ ತಿರುಗಿ ಮಲಗಿರು. ನನಗೆ ಅರ್ಥವಾಗುತ್ತದೆ. ನಾನು ಮಂಚದ ಪಕ್ಕ ಕೂತು ಪ್ರಶ್ನೆ ಕೇಳುತ್ತೇನೆ, ನೀನು ಗೋಡೆಗೇ ಉತ್ತರ ಹೇಳು.

ಅಪ್ಪ


ಡಿಸೆಂಬರ್ 2

ಬಯಾಲಜಿ ಮೇಡಂ ಅವರಿಗೆ,

ನಮಸ್ಕಾರ. ನೀವು ಮನೆಗೆ ಬಂದುಹೋದ ದಿನ ನಾನು ಒಂದು ಮಾತೂ ಆಡಲಿಲ್ಲ, ಕ್ಷಮಿಸಿ. ಮಾತಿಗಿಂತ ಕಾಗದವೇ ನನಗೀಗ ಅಭ್ಯಾಸವಾಗಿದೆ.

ನವೆಂಬರ್ ಹನ್ನೊಂದನೇ ತಾರೀಕು ಮಧ್ಯಾಹ್ನ ಮಗಳು ಮಂಚದಿಂದ ಇಳಿಯುವಾಗ ಕಾಲು ಜಾರಿತಂತೆ. ಮಂಚದ ಕಂಬಿ ಹೊಟ್ಟೆಗೆ ತಾಗಿತು. ಗಂಟು ಒಳಗೇ ಒಡೆಯಿತು. ಡಾಕ್ಟರು ಓಡಿ ಬಂದರು, ಆದರೆ ಅರ್ಧ ಗಂಟೆಯೂ ಸಿಗಲಿಲ್ಲ. ಶೆಡ್ಡಿಗೆ ಫೋನು ಬರುವಷ್ಟರಲ್ಲಿ ನಾನು ಬಸ್ಸು ಹತ್ತಿಯಾಗಿತ್ತು. ನಾನು ಮಾರನೆಯ ದಿನ ಬೆಳಿಗ್ಗೆ ಗಡ್ಡ ತೆಗೆದುಕೊಂಡು, ನಿಮ್ಮ ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಮಂಚಕ್ಕೆ ಹೊಸ ಹೊದಿಕೆ ಹಾಸಿದ್ದರು.

ಅವತ್ತೇ ಹತ್ತು ಗಂಟೆಗೆ ಅಂಚೆಯವನು ಬಂದು ನನ್ನ ಕೊನೆಯ ಕಾಗದವನ್ನು ನನ್ನ ಕೈಗೇ ಕೊಟ್ಟ. ಅದರಲ್ಲಿ ನಾನು ಮಾಡಿದ ತಪ್ಪನ್ನು ಅವಳಿಗೆ ಒಪ್ಪಿಕೊಂಡಿದ್ದೆ. ಅವಳು ಓದಲಿಲ್ಲ. ಅದನ್ನು ಈ ಲಕೋಟೆಯಲ್ಲಿಟ್ಟಿದ್ದೇನೆ, ನೀವು ಓದಿ. ಅವಳ ಅಮ್ಮನಿಗೆ ಮೊನ್ನೆ ನಾನೇ ಓದಿ ಹೇಳಿದೆ, ಯಾವ ಸಾಲನ್ನೂ ಹಾರಿಸದೆ. ಅವಳು ಎದ್ದು ಹೋಗಿ ನಾಯಿಯ ತಟ್ಟೆಗೆ ನೀರು ಹಾಕಿದಳು. ಆಮೇಲೆ ಸೋಪು ಹಚ್ಚಿ ಬಹಳ ಹೊತ್ತು ಕೈ ತೊಳೆದಳು.

ಅವಳ ದಿಂಬಿನ ಕೆಳಗೆ ಸಿಕ್ಕ ಉತ್ತರದ ಹಾಳೆಯನ್ನೂ ಇಟ್ಟಿದ್ದೇನೆ. ನೀವು ಎರಡನೇ ಸಲ ಕೊಟ್ಟ ಪ್ರಶ್ನೆಗೆ ಬರೆದದ್ದು. ಈ ಸಲ ಚಿತ್ರ ಮೊದಲಿನದಕ್ಕಿಂತ ಚೆನ್ನಾಗಿದೆ. ಕುರಿಗೆ ಕೊಂಬು ಬಂದಿದೆ, ನಾಯಿ ದೊರೆಯಂತೆಯೇ ಇದೆ. ಕುರಿಗೂ ನಾಯಿಗೂ ನಡುವೆ ಮತ್ತೆ ಖಾಲಿ ಬಿಟ್ಟಿದ್ದಾಳೆ. ಆ ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾಳೆ: "ಇದು ನನಗೆ ಗೊತ್ತಿದೆ ಮೇಡಂ. ಒಂದು ಅಂಕ ಹೋದರೆ ಹೋಗಲಿ."

ದಯವಿಟ್ಟು ಹಾಳೆಯನ್ನು ತಿದ್ದಿ ಕೊಡಿ. ನಾಲ್ಕೇ ಹಾಕಿ. ಸತ್ತ ಹುಡುಗಿ ಅಂತ ಐದು ಹಾಕಬೇಡಿ. ಅದು ಅವಳು ಬೇಕಂತಲೇ ಬಿಟ್ಟುಕೊಟ್ಟ ಅಂಕ, ಅವಳಿಂದ ಅದನ್ನು ಕಿತ್ತುಕೊಳ್ಳಬಾರದು.

ಇನ್ನೊಂದು ಬೇಡಿಕೆ. ಶೆಡ್ಡಿನಲ್ಲಿ ನನ್ನಂತೆಯೇ ಇನ್ನೂ ಮೂವರು ಕೆಂಪು ಬಕೆಟ್ಟಿನದನ್ನು ಮನೆಗೆ ಒಯ್ಯುತ್ತಿದ್ದರು. ಅವರ ಮನೆಗಳಲ್ಲೂ ನಾಯಿ ಇವೆ, ಮಕ್ಕಳಿದ್ದಾರೆ. ಆ ಮಕ್ಕಳು ನಿಮ್ಮ ಶಾಲೆಗೇ ಬರುತ್ತಾರೆ. ಅಪ್ಪಂದಿರಿಗೆ ನಾನು ಹೇಳಿದ್ದೇನೆ, ಗುಂಡಿಯ ಹತ್ತಿರ ದಿನಾ ನಾನೇ ನಿಂತು ಎಣಿಸಿ ಹಾಕಿಸುತ್ತಿದ್ದೇನೆ. ಆದರೆ ಅಪ್ಪಂದಿರು ಮರೆಯುತ್ತಾರೆ, ಮಕ್ಕಳು ಮರೆಯುವುದಿಲ್ಲ.

ಮುಂದಿನ ವರ್ಷ ಒಂಬತ್ತನೇ ಪಾಠ ಬಂದಾಗ ನನ್ನನ್ನು ಕ್ಲಾಸಿಗೆ ಕರೆಯಿರಿ ಮೇಡಂ. ಸ್ನಾನ ಮಾಡಿ ಬೇರೆ ಬಟ್ಟೆ ಹಾಕಿಕೊಂಡು ಬರುತ್ತೇನೆ. ಕುರಿ, ನಾಯಿ, ಹುಲ್ಲು, ಹುಡುಗಿ ಎಲ್ಲವನ್ನೂ ಬೋರ್ಡಿನ ಮೇಲೆ ನೀವು ಬರೆಯಿರಿ. ಬಾಣಗಳನ್ನೂ ನೀವೇ ಹಾಕಿ. ಕುರಿಯಿಂದ ನಾಯಿಗೆ ಹೋಗುವ ಒಂದನ್ನು ಮಾತ್ರ ನನಗೆ ಬಿಡಿ.

ಇಂತಿ,
ನಿಮ್ಮ ವಿದ್ಯಾರ್ಥಿನಿಯ ಅಪ್ಪ